ವೈಟಾನ್ ಆಯಿಲ್ ಸೀಲ್: ಎರಡು ಟೊಮ್ಯಾಟೊ ಸೀಸನ್ ಕಳೆದ ಮೇಲೆ ನನ್ನ ಅನಿಸಿಕೆ

ಹಳೇ ಡೀಸೆಲ್ ಪಿಕಪ್ ಇಟ್ಟುಕೊಂಡವರಿಗೆ ಮೊದಲೇ ಹೇಳಿಬಿಡುತ್ತೇನೆ. ಇಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಹಿಂದಿನ ತುದಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಬದಲಿಸುವ ಕೆಲಸ ಬಂದರೆ ಮಾಮೂಲಿ ರಬ್ಬರ್ ಸೀಲ್ ಬೇಡ, ಹೆಚ್ಚು ಬಿಸಿ ತಡೆಯುವ ವೈಟಾನ್ ರಬ್ಬರಿನ ಸೀಲನ್ನೇ ಕೇಳಿ ಹಾಕಿಸಿ. ಬೆಲೆ ಜಾಸ್ತಿ, ನಿಜ. ಆದರೆ ಆ ಸೀಲ್ ಹತ್ತಿರ ಕೈ ಹೋಗಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. ಖರ್ಚೆಲ್ಲ ಆ ಕೂಲಿಯಲ್ಲೇ ಇದೆ. ಸೀಲಿನಲ್ಲಿ ನಾಲ್ಕು ಕಾಸು ಉಳಿಸಿ ಅದೇ ಕೂಲಿ ಇನ್ನೊಂದು ಸಲ ಕೊಡೋದು ಯಾರಿಗೆ ಬೇಕು?

ನಮ್ಮ ಗಾಡಿಗೆ ಬಿಡುವು ಕಡಿಮೆ. ವೇಮಗಲ್ ಕಡೆಯ ತೋಟಗಳಿಂದ ಕೋಲಾರದ ಎಪಿಎಂಸಿಗೆ ಟೊಮ್ಯಾಟೊ ಬಾಕ್ಸ್, ಮಾವಿನ ಕಾಲ ಬಂದರೆ ಶ್ರೀನಿವಾಸಪುರದ ಲೋಡ್. ತುಂಬಿದ ಗಾಡಿ, ಬಿಸಿಲು, ಮಂಡಿ ಬಾಗಿಲಲ್ಲಿ ಇಂಜಿನ್ ಆಫ್ ಮಾಡದೆ ನಿಲ್ಲೋದು. ಇಂಥ ಬಿಸಿಯಲ್ಲಿ ಮಾಮೂಲಿ ಸೀಲಿನ ನೈಟ್ರೈಲ್ ರಬ್ಬರ್ ಗಟ್ಟಿಯಾಗುತ್ತದೆ. ಸುಮಾರು 100 ಡಿಗ್ರಿ ದಾಟಿದರೆ ಅದರ ಆಯುಸ್ಸು ಬೇಗ ಕರಗುತ್ತದೆ. ವೈಟಾನ್ 200 ಡಿಗ್ರಿವರೆಗೂ ತಡೆಯುತ್ತದೆ. ನಮ್ಮ ಗಾಡಿಯಿಂದ ತೆಗೆದ ಹಳೇ ಸೀಲನ್ನು ಕೈಯಲ್ಲಿ ಬಗ್ಗಿಸಿ ನೋಡಿದೆ. ಶಾಫ್ಟಿಗೆ ತಾಗುವ ಒಳ ಅಂಚು, ಅಂದರೆ ಸೀಲಿನ ತುಟಿ, ಪ್ಲಾಸ್ಟಿಕ್ ಥರ ಗಟ್ಟಿಯಾಗಿ, ಒಂದು ಕಡೆ ಪಟ್ಟನೆ ಸೀಳಿತು.

ಸೋರಿಕೆ ಎಲ್ಲಿಂದ ಅಂತ ಗೊತ್ತಾಗದೆ ಏನೂ ಬಿಚ್ಚಿಸಬೇಡಿ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಇಂಜಿನ್ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಲ್ಲಿ ಜಿನುಗಿದ್ದು ಕೆಳಗೆ, ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಇರುವ ಬೆಲ್ ಹೌಸಿಂಗ್ ಹತ್ತಿರ ತೊಟ್ಟಿಕ್ಕುತ್ತದೆ. ನಮ್ಮ ಮೇಸ್ತ್ರಿ ಮೊದಲು ಇಂಜಿನ್ ಪೂರ್ತಿ ತೊಳೆದು ಒಣಗಿಸಿ, ಅನುಮಾನ ಇದ್ದ ಕಡೆಯೆಲ್ಲ ಮುಖಕ್ಕೆ ಹಾಕುವ ಪೌಡರ್ ಉದುರಿಸಿದರು. ಸ್ವಲ್ಪ ದೂರ ಓಡಿಸಿಕೊಂಡು ಬಂದು ನೋಡಿದರೆ ಬಿಳಿ ಪೌಡರ್ ಮೇಲೆ ಕಪ್ಪು ಗೆರೆ ಸ್ಪಷ್ಟವಾಗಿ ಬಿದ್ದಿತ್ತು. ಬೆಲ್ ಹೌಸಿಂಗ್ ಕೆಳಗಿನ ತೂತಿನಿಂದ ಬಂದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿಯೂ ನೋಡಿದರು. ಗೇರ್ ಆಯಿಲ್ ಆದರೆ ದಪ್ಪ, ಗಂಧಕದ ಕೆಟ್ಟ ವಾಸನೆ. ಇದು ತೆಳ್ಳಗೆ, ಕಪ್ಪಗೆ ಇತ್ತು. ಅಂದರೆ ಇಂಜಿನ್ ಆಯಿಲ್ಲೇ.

ಆಮೇಲೆ ಅವರು ಹೇಳಿದ ಮಾತು ಬಹಳ ಮುಖ್ಯ. "ಅಣ್ಣಾ, ಸೀಲ್ ಹಾಕೋಕೆ ಮುಂಚೆ ಬ್ರೀದರ್ ಪೈಪ್ ನೋಡೋಣ. ಅದು ಕಟ್ಟಿದ್ರೆ ಯಾವ ಸೀಲೂ ನಿಲ್ಲಲ್ಲ." ಪೈಪ್ ಒಳಗೆ ಮಸಿ ಕಟ್ಟಿ ದಾರಿ ಅರ್ಧಕ್ಕರ್ಧ ಮುಚ್ಚಿತ್ತು. ಇಂಜಿನ್ ಒಳಗಿನ ಗಾಳಿಗೆ ಈ ಪೈಪಿನಿಂದ ಹೊರಗೆ ಹೋಗಲು ಜಾಗ ಇಲ್ಲದಿದ್ದರೆ ಅದು ಸೀಲನ್ನೇ ತಳ್ಳುತ್ತದೆ. ನೀವೂ ಇಂಜಿನ್ ಐಡ್ಲಿಂಗ್‌ನಲ್ಲಿ ಇದ್ದಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಬ್ರೀದರ್ ಸ್ವಚ್ಛ ಇದ್ದೂ ಹೊಗೆ ಬುಸುಬುಸು ಅಂತ ನುಗ್ಗುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಹಾಗಿದ್ದರೆ ಬರೀ ಸೀಲಿಗೆ ದುಡ್ಡು ಹಾಕಬೇಡಿ.

ಗೇರ್‌ಬಾಕ್ಸ್ ಇಳಿಸಿದಾಗ ಕ್ರ್ಯಾಂಕ್ ಮೇಲೆ ಹಳೇ ಸೀಲ್ ಕೊರೆದ ಗೆರೆ ಕಂಡಿತು. ಉಗುರು ಆಡಿಸಿದರೆ ತಗಲುತ್ತಿತ್ತು. ಹೊಸ ಸೀಲನ್ನು ಅದೇ ಗೆರೆ ಮೇಲೆ ಕೂರಿಸಿದರೆ ಮತ್ತೆ ಸೋರುತ್ತೆ, ಅಲ್ವಾ? ಮೇಸ್ತ್ರಿ ಸೀಲನ್ನು ಒಂದೆರಡು ಮಿಲಿಮೀಟರ್ ಆಚೆ ಕೂರಿಸಿದರು. ತುಟಿ ಈಗ ಸವೆಯದ ಜಾಗದಲ್ಲಿ ಓಡುತ್ತಿದೆ. ಗೆರೆ ಇನ್ನೂ ಆಳ ಇದ್ದರೆ ತೆಳು ಸ್ಟೀಲ್ ಸ್ಲೀವ್ ಹಾಕಿಸಬೇಕಾಗುತ್ತದೆ. ಎಣ್ಣೆ ಕುಡಿದಿದ್ದ ಕ್ಲಚ್ ಪ್ಲೇಟನ್ನೂ ಆಗಲೇ ಬದಲಿಸಿದೆವು. ಅದನ್ನು ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕೋದು ಸುಮ್ನೆ ಕೆಲಸ.

ಎರಡು ಸೀಸನ್ ಕಳೆದಿದೆ. ಬೆಲ್ ಹೌಸಿಂಗ್ ತೂತು ಈಗಲೂ ಒಣಗಿಯೇ ಇದೆ. ಒಂದು ಆಯಿಲ್ ಚೇಂಜಿನಿಂದ ಇನ್ನೊಂದಕ್ಕೆ ನಡುವೆ 15ಡಬ್ಲ್ಯು-40 ಇಂಜಿನ್ ಆಯಿಲ್ ಮೇಲಿಂದ ಸುರಿಯುವ ಗೋಜಿಲ್ಲ. ಲೋಡ್ ಇದ್ದಾಗ ಕ್ಲಚ್ ಜಾರುತ್ತಿಲ್ಲ.

ಅದೇ ಸಲ ಇಂಜಿನ್ ಕೆಳಗಿನ ಎಣ್ಣೆ ತೊಟ್ಟಿಗೆ, ಅಂದರೆ ಚೇಂಬರಿಗೆ, ಪ್ಯಾಕಿಂಗ್ ಥರ ಬೂದು ಬಣ್ಣದ ಸಿಲಿಕೋನ್ ಪೇಸ್ಟ್ ಹಾಕಿಸಿದ್ದೆ. ಅದೂ ಚೆನ್ನಾಗಿ ನಿಂತಿದೆ. ಪೇಸ್ಟ್ ತೆಳ್ಳಗೆ ಇರಲಿ. ಜಾಸ್ತಿ ಹಾಕಿದರೆ ಒಳಗೆ ಉದುರಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ, ಅವಸರ ಮಾಡಬೇಡಿ. ಟ್ಯಾಪೆಟ್ ಕವರಿಗೆ ಮಾತ್ರ ಪೇಸ್ಟ್ ಬೇಡ, ರಬ್ಬರ್ ಪ್ಯಾಕಿಂಗೇ ಸರಿ. ಬೋಲ್ಟನ್ನು ಅತಿಯಾಗಿ ಬಿಗಿದರೂ ಪ್ಯಾಕಿಂಗ್ ಹಿಸುಕಿ ಸೋರುತ್ತದೆ. ಬಾಟಲಿಯಲ್ಲಿ ಬರುವ ಸೋರಿಕೆ ನಿಲ್ಲಿಸುವ ದ್ರವವನ್ನು ಹಾಕಿ ಅಂತ ನಾನಂತೂ ಹೇಳಲಾರೆ. ಅದು ರಬ್ಬರನ್ನು ಊದಿಸಿ ಸ್ವಲ್ಪ ಕಾಲ ತಡೆಯುತ್ತದೆ, ಸೀಳಿದ ತುಟಿಗೆ ಏನೂ ಮಾಡುವುದಿಲ್ಲ.

ಈಗ ಕ್ರ್ಯಾಂಕಿನ ಮುಂಭಾಗದ ಸೀಲಲ್ಲಿ ಸಣ್ಣಗೆ ಜಿನುಗು ಶುರುವಾಗಿದೆ. ಅದಕ್ಕೆ ಗೇರ್‌ಬಾಕ್ಸ್ ತಂಟೆ ಇಲ್ಲ, ಪುಲ್ಲಿ ಬಿಚ್ಚಿದರೆ ಸಾಕು. ಮಂಡಿಗೆ ಆವಕ ಕಡಿಮೆಯಾದ ಕೂಡಲೇ ಅಲ್ಲಿಗೂ ವೈಟಾನನ್ನೇ ಹಾಕಿಸುತ್ತೇನೆ.