ಉಚಿತ ಕಂಪ್ಯೂಟರ್ ಸೇವೆ ಪಡೆಯುವ ಟ್ರಸ್ಟುಗಳ ಗಮನಕ್ಕೆ

ಮುಂಬಯಿ, ಠಾಣೆ, ಡೊಂಬಿವಲಿ ಭಾಗದ ಕನ್ನಡ ಸಂಘ ಮತ್ತು ಟ್ರಸ್ಟುಗಳ ಪದಾಧಿಕಾರಿಗಳು ದಯವಿಟ್ಟು ಇದನ್ನು ಓದಬೇಕು. ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ನಮ್ಮ ಸಣ್ಣ ಟ್ರಸ್ಟಿನ ವೆಬ್‌ಸೈಟು, ಇಮೇಲು, ದಾನಿಗಳ ಪಟ್ಟಿ ಎಲ್ಲವನ್ನೂ ‘ಸಮಾಜಸೇವೆ’ ಎಂದು ವಹಿಸಿಕೊಂಡ ತಂತ್ರಜ್ಞರೊಬ್ಬರಿಂದ ನಾವು ಪಟ್ಟ ಪಾಡು ಇನ್ನೊಂದು ಸಂಸ್ಥೆಗೆ ಬರಬಾರದು.

ಅವರ ಕೆಲಸ ಕೆಟ್ಟದಾಗಿತ್ತು ಎನ್ನಲಾರೆ. ವೆಬ್‌ಸೈಟು ಅಂದವಾಗಿಯೇ ಇತ್ತು. ಆದರೆ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ನೋಂದಣಿಯಾಗಿದ್ದುದು ಅವರ ಸ್ವಂತ ಹೆಸರಿನಲ್ಲಿ, ಇಮೇಲ್ ಖಾತೆಗಳ ಪೂರ್ಣ ಹಿಡಿತವಿರುವ ಅಡ್ಮಿನ್ ಅವರೊಬ್ಬರೇ, ಒಟಿಪಿ ಹೋಗುತ್ತಿದ್ದುದೂ ಅವರ ಮೊಬೈಲಿಗೆ. ಕೋಶಾಧಿಕಾರಿಯವರು ಟ್ರಸ್ಟಿನ ಇಮೇಲನ್ನು ಹೊಸ ಫೋನಿನಲ್ಲಿ ತೆರೆಯಬೇಕಾದರೂ ಅವರಿಗೆ ಕರೆಮಾಡಿ, ಆರು ಅಂಕಿಗಳನ್ನು ಕೇಳಿ ಬರೆದುಕೊಳ್ಳಬೇಕಿತ್ತು. ಪಾಸ್‌ವರ್ಡ್ ಕೇಳಿದಾಗಲೆಲ್ಲ ‘ನಿಮಗ್ಯಾಕಣ್ಣ ಆ ತಲೆಬಿಸಿ, ನಾನಿದ್ದೇನಲ್ಲ’ ಎಂಬ ಉತ್ತರ.

ಬಿಸಿ ತಟ್ಟಿದ್ದು ಮೇ ತಿಂಗಳಲ್ಲಿ. 80ಜಿ ಮಾನ್ಯತೆಯುಳ್ಳ, ಅಂದರೆ ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವ, ಟ್ರಸ್ಟುಗಳು ದಾನಿಗಳ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ, ಮೊತ್ತಗಳನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕೆಂಬ ನಿಯಮ 2021-22ನೇ ಆರ್ಥಿಕ ವರ್ಷದ ದೇಣಿಗೆಗಳಿಂದ ಜಾರಿಗೆ ಬಂದಿತ್ತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಮೇಲಾಗಿ ದಾನಿಗಳಿಗೆ ತೆರಿಗೆ ವಿನಾಯಿತಿಯ ಪ್ರಮಾಣಪತ್ರ ಕೊಡುವಂತಿಲ್ಲ. ನಮ್ಮ ಪಟ್ಟಿ ಇದ್ದುದು ಆ ಮಹಾಶಯರ ಖಾಸಗಿ ಜಿಮೇಲ್ ಖಾತೆಯಲ್ಲಿ. ಕೇಳಿದರೆ ಪಟ್ಟಿಯ ಬದಲು ‘ನಿರ್ವಹಣೆ ಮತ್ತು ಇಮೇಲ್ ಪರವಾನಗಿಯ ಹಳೆಯ ಬಾಕಿ’ ಎಂಬ ಬಿಲ್ಲು ಬಂತು. ಅರ್ಹ ಸೇವಾಸಂಸ್ಥೆಗಳಿಗೆ ಗೂಗಲ್ ತನ್ನ ಇಮೇಲ್ ಸೌಲಭ್ಯವನ್ನು ಉಚಿತವಾಗಿಯೇ ಕೊಡುತ್ತದೆ ಎಂಬ ಸಂಗತಿಯನ್ನು ಅವರು ನಮಗೆ ಒಮ್ಮೆಯೂ ಹೇಳಿರಲಿಲ್ಲ.

ಕೊನೆಗೆ ರಸೀದಿ ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಬುಕ್ ಮುಂದಿಟ್ಟುಕೊಂಡು ಪಟ್ಟಿಯನ್ನು ಮೊದಲಿನಿಂದ ಬರೆದೆವು. ಪ್ಯಾನ್ ಸಂಖ್ಯೆಗಾಗಿ ಮನೆಮನೆಗೆ ಫೋನಾಯಿಸಿದಾಗ ಮಾಟುಂಗಾದ ಹಿರಿಯರೊಬ್ಬರು ‘ಫೋನಿನಲ್ಲಿ ಪ್ಯಾನ್ ಕೇಳುವ ನೀವು ಯಾರು?’ ಎಂದು ಗದರಿಸಿ ಇಟ್ಟುಬಿಟ್ಟರು. ಈಗಿನ ವಂಚನೆಗಳನ್ನು ನೋಡಿದರೆ ಅವರು ಮಾಡಿದ್ದೇ ಸರಿ. ಅದಕ್ಕಿಂತ ನೋವಾದದ್ದು, ಕೆಲವು ದಾನಿಗಳಿಗೆ ಇದೇ ತಂತ್ರಜ್ಞರು ನೋಡಿಕೊಳ್ಳುವ ಬೇರೊಂದು ವ್ಯಾಪಾರದ ಜಾಹೀರಾತು ಸಂದೇಶಗಳು ಹೋಗಿವೆ ಎಂದು ತಿಳಿದಾಗ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿಯನ್ನು ನಮ್ಮ ಪರವಾಗಿ ಬೇರೆಯವರು ನಿರ್ವಹಿಸಿದರೂ ಹೊಣೆ ಸಂಗ್ರಹಿಸಿದ ಸಂಸ್ಥೆಯದೇ; ಸೂಕ್ತ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಸಂಬಳ ಪಡೆಯಲಿ, ಬಿಡಲಿ, ಸೇವಾಸಂಸ್ಥೆಯ ತಾಂತ್ರಿಕ ಕೆಲಸ ಹಿಡಿದವರು ಖಾತೆಗಳನ್ನು ಸಂಸ್ಥೆಯ ಹೆಸರಿನಲ್ಲೇ ತೆರೆಯಬೇಕು, ಕನಿಷ್ಠ ಇಬ್ಬರು ವಿಶ್ವಸ್ಥರಿಗೆ ಅಡ್ಮಿನ್ ಅಧಿಕಾರ ಕೊಡಬೇಕು, ಖರ್ಚನ್ನು ಮೊದಲೇ ಲಿಖಿತವಾಗಿ ತಿಳಿಸಬೇಕು, ತಾವು ಬಿಟ್ಟುಹೋದರೂ ಕೆಲಸ ನಿಲ್ಲದಂತೆ ಎಲ್ಲವನ್ನೂ ಬರೆದಿಟ್ಟು ಒಪ್ಪಿಸಬೇಕು. ಇದಕ್ಕೆ ಒಪ್ಪದವರ ಸೇವೆ ಎಷ್ಟೇ ಅಗ್ಗವಾಗಿದ್ದರೂ ಬೇಡ ಎನ್ನಿ.

ಈಗಾಗಲೇ ಯಾರಿಗಾದರೂ ಕೆಲಸ ವಹಿಸಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ಡೊಮೇನ್ ಯಾರ ಹೆಸರಿನಲ್ಲಿದೆ, ನವೀಕರಣದ ನೋಟಿಸು ಯಾರ ಇಮೇಲಿಗೆ ಹೋಗುತ್ತದೆ ಎಂದು ನೋಡಿಕೊಳ್ಳಿ. ನಾವು ಹೊಸ ಡೊಮೇನ್ ಕೊಂಡೆವು. ಹಳೆಯ ವಿಳಾಸಕ್ಕೆ ವಿದ್ಯಾರ್ಥಿಗಳು ಕಳುಹಿಸುವ ಅರ್ಜಿಗಳು ಈಗಲೂ ಆ ತಂತ್ರಜ್ಞರ ಕೈಗೇ ಹೋಗುತ್ತಿವೆ.