ಮಗಳಿಗೆ ಏನು ಹೇಳೋಣ: ವಿಕಾಸವೋ, ಸೃಷ್ಟಿಯೋ?

ಮೈಸೂರಿನ ಗೆಳತಿ ಕೇಳಿದರು: "ಝೂ ನೋಡಿ ಬಂದಾಗಿಂದ ಮಗಳದ್ದು ಒಂದೇ ಪ್ರಶ್ನೆ. ನಾವು ಕೋತಿಯಿಂದ ಬಂದ್ವಾ, ದೇವರು ಮಾಡಿದ್ನಾ ಅಂತ. ಏನು ಹೇಳಲಿ?"

ಮೊದಲು ಭೂಮಿಯ ವಯಸ್ಸು ನೋಡಿ. ಬೈಬಲ್ಲನ್ನು ಅಕ್ಷರಶಃ ನಂಬುವ ಎಷ್ಟೋ ಸೃಷ್ಟಿವಾದಿಗಳ ಪ್ರಕಾರ ಭೂಮಿಗೆ 6,000ದಿಂದ 10,000 ವರ್ಷ. ವಿಜ್ಞಾನದ ಲೆಕ್ಕದಲ್ಲಿ ಸುಮಾರು 450 ಕೋಟಿ. ನಮ್ಮ ಚಾಮುಂಡಿ ಬೆಟ್ಟದ ಕಲ್ಲಿಗೇ ಸುಮಾರು 80 ಕೋಟಿ ವರ್ಷ! ಮೆಟ್ಟಿಲು ಹತ್ತುವಾಗ ಆ ಬಂಡೆ ಮುಟ್ಟಿಸಿ.

ಸಾಕ್ಷಿಯಲ್ಲಂತೂ ತಕ್ಕಡಿ ಸಮ ಇಲ್ಲ, ವಿಕಾಸದ (ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಾ ಬಂದವು ಅನ್ನುವುದರ) ಕಡೆಗೇ ವಾಲಿದೆ. ನಮ್ಮ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ಮೂರರಲ್ಲೂ ತೋಳಿಗೆ ಒಂದು ಮೂಳೆ, ಮುಂಗೈಗೆ ಎರಡು, ಆಮೇಲೆ ಬೆರಳು. ಒಂದೇ ಮೂಲದಿಂದ ಬಂದಿದ್ದರೆ ಹೀಗೇ ಇರಬೇಕು ಅಲ್ವಾ? ಮೀನು ನೆಲಕ್ಕೆ ಹತ್ತಿದ ಕಾಲದ ಬಂಡೆಗಳನ್ನೇ ಹುಡುಕಿಕೊಂಡು ಹೋದವರಿಗೆ 2004ರಲ್ಲಿ ಕೆನಡಾದ ಉತ್ತರ ತುದಿಯಲ್ಲಿ ಟಿಕ್ಟಾಲಿಕ್ ಸಿಕ್ಕಿತು, ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಜೀವಿಯ ಪಳೆಯುಳಿಕೆ. ಸೃಷ್ಟಿವಾದ ಹೀಗೆ ಮುಂಚೆಯೇ ಹೇಳಿ ಏನನ್ನೂ ಹುಡುಕಿಸಿಲ್ಲ.

ದೇವರನ್ನು ನಂಬುವುದು ಬೇರೆ ಮಾತು. ಮನೆಯಲ್ಲಿ ದೀಪ ಹಚ್ಚಿಯೂ ವಿಕಾಸ ಒಪ್ಪಬಹುದು, ನಾನು ಒಪ್ಪಿದ್ದೇನೆ.

ಹಾಗಾಗಿ ಮಗಳಿಗೆ ಹೇಳಿ: ಕೋತಿಯಿಂದ ಬಂದಿಲ್ಲ ಪುಟ್ಟಿ, ಕೋತಿಗೂ ನಮಗೂ ಪೂರ್ವಜರು ಒಬ್ಬರೇ. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದಿಂದ ವಿಕಾಸದ ಪಾಠವನ್ನೇ ತೆಗೆದರು. ಸ್ಕೂಲಿನಲ್ಲಿ ಹೇಳಿಕೊಡುತ್ತಾರೆ ಅಂತ ಸುಮ್ನೆ ಕೂರಬೇಡಿ.