ರಾಡ್ ಬರೋದು ಕೆಜಿಯಲ್ಲಿ, ಹೋಗೋದು ಪೀಸ್‌ನಲ್ಲಿ: ನಮ್ಮ ಇಆರ್‌ಪಿಗೆ ಮೂರು ಸ್ಟಾರ್

ಪೀಣ್ಯದಲ್ಲಿ ನಮ್ಮದು ಸಣ್ಣ ಮೆಷಿನಿಂಗ್ ಕಾರ್ಖಾನೆ. ಲೆಕ್ಕಪತ್ರ ನನ್ನ ಕೆಲಸ. 2023ರ ಆಗಸ್ಟ್ 1ರಿಂದ ವಹಿವಾಟು 5 ಕೋಟಿ ದಾಟಿದವರಿಗೂ ಇ-ಇನ್‌ವಾಯ್ಸ್ ಕಡ್ಡಾಯ ಅಂದಾಗ ನಮ್ಮ ಮಾಲೀಕರು, ‘ಹೇಗೂ ಬದಲಾಯಿಸಬೇಕು, ಪೂರ್ತಿ ಇಆರ್‌ಪಿಯನ್ನೇ ಹಾಕಿಸೋಣ’ ಅಂದರು. ಖರೀದಿ, ಸ್ಟಾಕು, ಬಿಲ್ಲು, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಬಿಲ್ಲಿಂಗ್ ಬಗ್ಗೆ ದೂರಿಲ್ಲ. ಸರ್ಕಾರಿ ಪೋರ್ಟಲ್ ಪ್ರತಿ ಬಿಲ್ಲಿಗೆ ಕೊಡುವ ನಂಬರ್ (ಐಆರ್‌ಎನ್), ಕ್ಯೂಆರ್ ಕೋಡ್ ತಂತಾನೇ ಬರುತ್ತವೆ, ಅಷ್ಟು ಸಾಕು.

ತಲೆನೋವೆಲ್ಲ ಸ್ಟೋರ್ಸ್‌ನದ್ದು. ಡೆಮೊಗೆ ಕರೆದದ್ದು ಮಾಲೀಕರನ್ನು, ಆಡಿಟರನ್ನು, ನನ್ನನ್ನು. ಮಾಲು ಇಳಿಸಿಕೊಂಡು ಕೊಡುವ ಮನುಷ್ಯನನ್ನು ಕೇಳಿದವರಿಲ್ಲ. ಹಾಕಿಕೊಟ್ಟ ಏಜೆನ್ಸಿಯ ಹುಡುಗರು ಹಳೇ ಎಕ್ಸೆಲ್ ಶೀಟನ್ನು ಹಾಗೇ ಐಟಂ ಮಾಸ್ಟರ್‌ಗೆ, ಅಂದರೆ ಸಿಸ್ಟಮ್‌ನ ಮಾಲಿನ ಮೂಲಪಟ್ಟಿಗೆ, ಸುರಿದರು. ‘ಎಂ8 ಹೆಕ್ಸ್ ಬೋಲ್ಟ್’, ‘ಬೋಲ್ಟ್ 8 ಎಂಎಂ’, ‘ಹೆಕ್ಸ್ ಬೋಲ್ಟ್ ಎಂ8×25’ ಇವೆಲ್ಲ ಒಂದೇ ಡಬ್ಬಿಯಲ್ಲಿರುವ ಮಾಲು. ಸಿಸ್ಟಮ್‌ನಲ್ಲಿ ಮೂರು ಬೇರೆ ಸ್ಟಾಕು.

ರಾಡ್‌ನದ್ದು ಇನ್ನೂ ದೊಡ್ಡ ರಗಳೆ. ಇಎನ್8 ಅನ್ನೋ ಉಕ್ಕಿನ ರಾಡ್ ಬರೋದು ತೂಕದಲ್ಲಿ, ಮೆಷಿನ್‌ಗೆ ಹೋಗೋದು ಪೀಸ್‌ನಲ್ಲಿ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿನ ತೂಕ; 25 ಎಂಎಂ ಅಂದರೆ ಹೆಚ್ಚುಕಮ್ಮಿ 3.85 ಕೆಜಿ ಅಂತ ನಮ್ಮ ಸ್ಟೋರ್ಸ್‌ನವರು ಬಾಯಲ್ಲೇ ಹೇಳ್ತಾರೆ. ಸಿಸ್ಟಮ್‌ಗೆ ಆ ಲೆಕ್ಕ ಕೊಟ್ಟೇ ಇರಲಿಲ್ಲ. ಇಶ್ಯೂ ಮಾಡಲು, ಅಂದರೆ ಸ್ಟೋರ್ಸ್‌ನಿಂದ ಮೆಷಿನ್‌ಗೆ ಕೊಟ್ಟಿದ್ದನ್ನು ಬರೆಯಲು, ಹೋದಾಗೆಲ್ಲ ‘ಸ್ಟಾಕ್ ಇಲ್ಲ’. ಫೋನ್ ಮಾಡಿದ್ದಕ್ಕೆ ಏಜೆನ್ಸಿಯವರು ನೆಗೆಟಿವ್ ಸ್ಟಾಕ್‌ಗೆ (ಸ್ಟಾಕು ಸೊನ್ನೆಗಿಂತ ಕೆಳಗಿಳಿಯೋದಕ್ಕೆ) ಅನುಮತಿ ಅಂತ ಒಂದು ಟಿಕ್ ಹಾಕಿ ಕೈ ತೊಳೆದುಕೊಂಡರು. ಎರರ್ ಹೋಯ್ತು. ಆಮೇಲೆ ಇಲ್ಲದ ಮಾಲೆಲ್ಲ ಇಶ್ಯೂ ಆಗಿ, ದರ ಅಡ್ಡಾದಿಡ್ಡಿಯಾಗಿ, ಮಾರ್ಚ್ ಕೊನೆಗೆ ಸ್ಟಾಕ್ ವ್ಯಾಲ್ಯೂ ನೋಡಿದ ಆಡಿಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಕೊನೆಗೆ ಸ್ಟೋರ್ಸ್‌ನವರನ್ನೇ ಕೂರಿಸಿಕೊಂಡು ಮಾಸ್ಟರನ್ನು ಹೊಸದಾಗಿ ಕಟ್ಟಿಸಿದ್ದಾಯ್ತು. ಎಣಿಸಿ, ತೂಗಿ, ಡಬಲ್ ಹೆಸರು ಕಿತ್ತು, ಏಪ್ರಿಲ್ 1ಕ್ಕೆ ಹೊಸ ಓಪನಿಂಗ್ ಸ್ಟಾಕ್. ಆ ಟಿಕ್ಕೂ ಹೋಯ್ತು. ಹೊಸ ಐಟಂ ಸೇರಿಸುವ ಹಕ್ಕು ಈಗ ಅವರೊಬ್ಬರಿಗೇ, ಮಾಲೀಕರಿಗೂ ಇಲ್ಲ! ನಿಮ್ಮಲ್ಲಿ ಡೆಮೊ ಇನ್ನೂ ಆಗಬೇಕಿದ್ದರೆ ಪಿಪಿಟಿ ನೋಡ್ತಾ ಕೂರಬೇಡಿ, ನಿಮ್ಮದೇ ಒಂದು ರಾಡ್ ಕೊಂಡು, ಕತ್ತರಿಸಿ, ಇಶ್ಯೂ ಮಾಡಿ ತೋರಿಸಿ ಅನ್ನಿ.

ಇಷ್ಟೆಲ್ಲ ಬೈದರೂ ಬಿಡೋಕೆ ಮನಸ್ಸಿಲ್ಲ, ಜಾಬ್‌ವರ್ಕ್ ಬಾಕಿ ಪಟ್ಟಿಯೊಂದಕ್ಕೆ, ಅಂದರೆ ಹೊರಗಿನವರ ಹತ್ರ ಕೆಲಸಕ್ಕೆ ಕಳಿಸಿ ಇನ್ನೂ ವಾಪಸ್ ಬರಬೇಕಾದ ಮಾಲಿನ ಪಟ್ಟಿಗೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಮೊದಲು ತೆರೆಯೋದೇ ಅದು. ಪ್ಲೇಟಿಂಗ್‌ಗೆ ಯಾವ ಡಿಸಿಯಲ್ಲಿ (ಡೆಲಿವರಿ ಚಲನ್‌ನಲ್ಲಿ) ಎಷ್ಟು ಹೋಗಿದೆ, ಹೀಟ್ ಟ್ರೀಟ್‌ಮೆಂಟ್‌ನಿಂದ ಎಷ್ಟು ಬರಬೇಕು, ತೀರಾ ಹಳೆಯದು ಎಲ್ಲಕ್ಕಿಂತ ಮೇಲೆ. ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ ಜಿಎಸ್‌ಟಿಯವರು ಕಳಿಸಿದ ದಿನವೇ ಸಪ್ಲೈ ಆಯ್ತು ಅಂತ ಹಿಡೀತಾರೆ. ತೆರಿಗೆಯ ಜತೆ ಬಡ್ಡಿ. ಮುಂಚೆ ಇದಕ್ಕೆ ಡಿಸಿ ಪುಸ್ತಕಗಳನ್ನು ತಿರುವಿ ಹಾಕಬೇಕಿತ್ತು. ಈಗ ಸ್ಟೋರ್ಸ್‌ನವರೇ ಬಂದು, ‘ಸಾರ್, ಗ್ರೈಂಡಿಂಗ್‌ನವರ ಹತ್ರ ನಮ್ಮ ಶಾಫ್ಟು ಕೂತುಬಿಟ್ಟಿದೆ, ಒಂದು ಫೋನ್ ಹಾಕಿ’ ಅಂತಾರೆ.

ಮೊಬೈಲ್ ಆಪ್ ನಿಧಾನ, ಅದನ್ನು ನಾನು ಮುಟ್ಟೋದಿಲ್ಲ. ವರ್ಷದ ನಿರ್ವಹಣೆ ಶುಲ್ಕ (ಎಎಂಸಿ) ಈ ವರ್ಷವೂ ಕಟ್ಟಿದ್ದೇವೆ, ಏಜೆನ್ಸಿ ಮಾತ್ರ ಬೇರೆ. ಸಾಫ್ಟ್‌ವೇರ್‌ಗಷ್ಟೇ ಆಗಿದ್ದರೆ ನಾಲ್ಕು ಸ್ಟಾರ್. ಹಾಕಿಕೊಟ್ಟ ರೀತಿಗೆ ಒಂದು ಕಳೆದಿದ್ದೇನೆ.